ಗಾಳಿ ನಿಂತ ಮೇಲೂ ತಿರುಗಿದ ಗಾಲಿ

ವಿದ್ಯುತ್ ಪಂಖದ ಗುಂಡಿ ಆರಿಸಿದ ಮೇಲೂ ಅದು ಒಂದಷ್ಟು ಹೊತ್ತು ತಿರುಗುತ್ತಲೇ ಇರುವುದನ್ನು ನೀವೂ ನೋಡಿರುತ್ತೀರಿ. ಗಂಟೆ ಬಾರಿಸಿದ ಮೇಲೂ ಪಾಠ ನಿಲ್ಲಿಸದ ಪ್ರಾಧ್ಯಾಪಕರಂತೆ ಅದಕ್ಕೂ ತನ್ನ ಆವೇಗದ ಮೇಲೆ ಅಪಾರ ಮೋಹ. ನಾನು ಮಾತ್ರ ಅದು ಪೂರಾ ನಿಲ್ಲುವವರೆಗೆ ತಲೆ ಎತ್ತುವುದಿಲ್ಲ.

ಕಾರಣ ನಾಲ್ಕಾರು ವರ್ಷ ಹಳೆಯದು. ಮುಶಿಗೇರಿಯ ಊರಬಾವಿಯಿಂದ ಗಾಳಿಯಂತ್ರ ನೀರೆತ್ತಬಲ್ಲದೇ ಎಂದು ಅಳೆದು ತಿಳಿಸಲು ಕಚೇರಿ ನನ್ನನ್ನು ಕಳಿಸಿತ್ತು. ಭೌತಶಾಸ್ತ್ರದ ಪದವಿ ಇನ್ನೂ ಬಿಸಿಯಾಗಿತ್ತು. ದೇವರನ್ನೂ ಪುರಾವೆ ಕೇಳುವ ವಯಸ್ಸು. ಗಜೇಂದ್ರಗಡದಿಂದ ಚಕ್ಕಡಿಯಲ್ಲಿ ಎರಡು ಗಾಳಿಮಾಪಕ ಹೇರಿಕೊಂಡು ಹೋದೆ. ಎರಡಕ್ಕೂ ಗಾಳಿ ಹಿಡಿಯುವ ಬಟ್ಟಲುಗಳ ಒಂದೊಂದು ಗಾಲಿ, ಸುತ್ತು ಎಣಿಸುವ ಒಂದೊಂದು ಡಬ್ಬಿ. ಒಂದು ಹಿತ್ತಾಳೆಯದು, ಭಾರ, ಥಳಥಳ, ಗಾಂಭೀರ್ಯ ಎಲ್ಲವೂ ಅದರ ಪಾಲಿಗೆ. ಇನ್ನೊಂದು ಅಲ್ಯೂಮಿನಿಯಮ್ಮಿನದು, ನಮ್ಮ ಮೆಸ್ಸಿನ ಲೋಟದಂತೆ ಬಡಕಲು. ಯಾವುದನ್ನು ನಂಬಬೇಕೆಂಬುದನ್ನು ನನ್ನ ವಿವೇಚನೆಗೇ ಬಿಟ್ಟಿದ್ದರು.

ಕಣದ ಪಕ್ಕದಲ್ಲಿ ಎರಡನ್ನೂ ಕಂಬಕ್ಕೇರಿಸಿದೆ. ಗಾಳಿ ಸಮನಾಗಿ ಬೀಸಿದಾಗ ಎರಡರದೂ ಒಂದೇ ಮಾತು. ಬಿಟ್ಟುಬಿಟ್ಟು ಬೀಸಿದಾಗ ಹಿತ್ತಾಳೆಯದು ಹೆಚ್ಚು ತೋರಿಸುತ್ತಿತ್ತು. ಹಗುರಾದದ್ದಕ್ಕೆ ಗಾಳಿ ಹಿಡಿಯಲು ಬರುವುದಿಲ್ಲವೆಂದು ತೀರ್ಮಾನಿಸಿದೆ.

ಕಣದಲ್ಲಿ ಜೋಳ ತೂರುತ್ತಿದ್ದ ಗಂಗವ್ವ ಮೊರ ಇಳಿಸಿ ಕಂಬದ ಕಡೆ ನೋಡಿದಳು. "ಸಾಹೇಬ್ರ, ನಿಮ್ಮ ಹಿತ್ತಾಳಿ ಗಾಲಿ ಖೊಟ್ಟಿ ಐತ್ರಿ. ಗಾಳಿ ನಿಂತ್ರೂ ಗಾಲಿ ನಿಂದರವಲ್ದು."

"ಹ್ಯಾಂಗ ಗೊತ್ತಾತವ್ವಾ ನಿನಗ?"

"ಹೊಟ್ಟು ನೆಟ್ಟಗ ನನ್ನ ಕಾಲಮ್ಯಾಲ ಬಿತ್ರಿ. ಅದು ಇನ್ನೂ ಗಿರಿಗಿರಿ ತಿರಗಾಕ ಹತ್ತೈತಿ. ಆ ಬಡಕಲದು ನೋಡ್ರಿ, ಹೊಟ್ಟಿನ ಸಂಗಾಟನ ನಿಂತತಿ."

"ಗಂಗವ್ವಗ ಒಂದ್ ಕುರ್ಚಿ ಹಾಕ್ರೆಪಾ, ಆಫೀಸರ್ ಆಗ್ಯಾಳ!" ಎಂದ ರಾಶಿಯ ಹತ್ತಿರ ಕೂತಿದ್ದ ಅವಳ ಮೈದುನ. ಕಣವೆಲ್ಲ ನಕ್ಕಿತು. ನಾನೂ ನಕ್ಕೆ. "ಇದು ಹೊಟ್ಟಿನ ಮಾತಲ್ಲವ್ವಾ, ಗಣಿತ" ಎಂದು ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ.

ಆಮೇಲೆ ಆ ಗಾಲಿಯನ್ನು ನಾನು ಪರೀಕ್ಷಿಸಲಿಲ್ಲವೆಂದೇ ಗೆಳೆಯರಿಗೆ ಹೇಳುತ್ತ ಬಂದಿದ್ದೇನೆ. ಅಜ್ಞಾನವನ್ನು ಲೋಕ ಬೇಗ ಕ್ಷಮಿಸುತ್ತದೆ. ನನ್ನ ನೆನಪೂ ಆಜ್ಞಾಧಾರಕ, ಕೇಳಿದಾಗಲೆಲ್ಲ ಹೌದೆನ್ನುತ್ತಿತ್ತು. ಆದರೆ ಮೊನ್ನೆ ಟ್ರಂಕಿನಲ್ಲಿ ಆಗಿನ ಟಿಪ್ಪಣಿ ಪುಸ್ತಕ ಸಿಕ್ಕಿತು. ನನ್ನದೇ ಅಕ್ಷರ: "ಗಾಳಿ ನಿಂತಿತು. ಹಿತ್ತಾಳೆ ಇನ್ನೂ ಹದಿನಾರು ಸುತ್ತು." ಅಂದರೆ ನೋಡಿದ್ದೆ, ಎಣಿಸಿಯೂ ಇದ್ದೆ. ಒಪ್ಪಿಕೊಂಡಿದ್ದರೆ ಕಣದ ನಗೆ ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ. ಅಷ್ಟಕ್ಕೇ ಹೆದರಿ, ಹಿತ್ತಾಳೆಯ ಲೆಕ್ಕವನ್ನೇ ಕಚೇರಿಗೆ ಕಳಿಸಿದೆ.

ಆ ಲೆಕ್ಕದ ಗಾಳಿಗೆ ತಕ್ಕಂತೆ ದೊಡ್ಡ ಪಂಪು ಬಂತು. ಊರಿನ ನಿಜವಾದ ಗಾಳಿಗೆ ಅದನ್ನು ಎಳೆಯುವ ಕಸುವಿರಲಿಲ್ಲ. ಮರುವರ್ಷ ಹೋದಾಗ ಯಂತ್ರದ ರೆಕ್ಕೆಗಳು ಅಲುಗಾಡದೆ ನಿಂತಿದ್ದವು. ಕೆಳಗೆ ಗಂಗವ್ವ ಕೊಡ ಸೇದುತ್ತಿದ್ದಳು, ಅದೂ ಬರಿಗೈಯಲ್ಲಿ. ಯಂತ್ರಕ್ಕೆ ಜಾಗ ಮಾಡಲು ಬಾವಿಯ ಮೇಲೆ ಹಗ್ಗ ಓಡುವ ಗಡಗಡಿಯನ್ನೇ ಕಿತ್ತುಹಾಕಿದ್ದರು. ಹಗ್ಗ ಕಲ್ಲಂಚಿಗೆ ಉಜ್ಜುತ್ತಿತ್ತು.

ಅವಳು ಬೈಯುತ್ತಾಳೆಂದು ಕಾದೆ. "ಬಿಸಲಾಗ ಬಂದೀರಿ, ನೀರ ಕುಡೀರಿ" ಎಂದು ಅದೇ ಕೊಡದಿಂದ ಬೊಗಸೆಗೆ ಸುರಿದಳು. ಕುಡಿದೆ. "ಆ ಹಗೂರ ಗಾಲಿ ಏನಾತ್ರಿ ಸಾಹೇಬ್ರ?"

ಅದು ಕಚೇರಿಯ ಕಪಾಟಿನಲ್ಲಿ ಸುಸ್ಥಿತಿಯಲ್ಲಿತ್ತು. "ಅದು ಮೊದ್ಲ ಕೆಟ್ಟಿತ್ತವ್ವಾ" ಎಂದೆ.

"ಪಾಪ" ಎಂದಳು, ಹಗ್ಗ ಮತ್ತೆ ಕೈಗೆ ಸುತ್ತಿಕೊಳ್ಳುತ್ತ.

ನಮ್ಮ ಭಾಷೆಯಲ್ಲಿ ಮರುಕಕ್ಕೂ ಮಾಡಿದ ತಪ್ಪಿಗೂ ಅದೊಂದೇ ಶಬ್ದ. ಎಲ್ಲವನ್ನೂ ಸಂಶಯಿಸುವ ನಾನು, ಅವಳು ಅಂದದ್ದು ಯಾವುದನ್ನೆಂದು ಮಾತ್ರ ಕೇಳಲಿಲ್ಲ.