ಹುಳದ ಮನೆ ದೊಡ್ಡಮ್ಮನ ಕತ್ತುನೋವು

ಮೊನ್ನೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಬಾಮಿನ ಸೀಸೆಯ ಮುಚ್ಚಳ ತಿರುಗಿಸಿದರು. ಬೆಳಗ್ಗೆ ಏಳುವಾಗಲೇ ಕತ್ತು ಹಿಡಿದುಕೊಂಡಿತ್ತಂತೆ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು, ಎತ್ತಿನ ಗಾಡಿ ತಿರುಗಿಸಿದ ಹಾಗೆ. ಕರ್ಪೂರ, ನೀಲಗಿರಿ ಎಲ್ಲ ಸೇರಿದ ಆ ಘಾಟು ಕೋಣೆ ತುಂಬಿತು. ಉಳಿದವರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ, ಈ ವಾಸನೆಯನ್ನು ತನ್ನ ಹೊಸ್ತಿಲು ದಾಟಲು ಬಿಡದಿದ್ದ ಒಬ್ಬ ಹೆಂಗಸು ನೆನಪಾದಳು...

ಹುತ್ತೂರಿನ ಹತ್ತಿರದ ನಮ್ಮ ಊರಿನಲ್ಲಿ ಅವಳದು ಎದುರು ಮನೆ. ರಕ್ತಸಂಬಂಧವೇನೂ ಇರಲಿಲ್ಲ. ಅಮ್ಮ ಅವಳನ್ನು ಅಕ್ಕ ಅನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಮುಳಬಾಗಿಲು ಕಡೆ ಕೊಟ್ಟಿದ್ದಳು. ಹಿಪ್ಪುನೇರಳೆ ತೋಟ ಇತ್ತು, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ ಇತ್ತು. ಅದನ್ನು ನಾವೆಲ್ಲ ಹುಳದ ಮನೆ ಅನ್ನುತ್ತಿದ್ದೆವು. ಹುಳ ಇರುವ ದಿನಗಳಲ್ಲಿ ಆ ಮನೆ ದೇವರ ಮನೆಗಿಂತ ಹೆಚ್ಚು ಮಡಿ. ಸ್ನಾನ ಮಾಡದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಬೀಡಿ, ಎಣ್ಣೆಯ ಒಗ್ಗರಣೆ, ಮಲ್ಲಿಗೆ ಹೂವು, ಪೌಡರು, ಯಾವ ವಾಸನೆಯೂ ಅತ್ತ ಸುಳಿಯಬಾರದು. ವಾಸನೆ ತಾಗಿದರೆ ಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತವೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತು.

ನಾನಾಗ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಅಂದೂ ಸಂಕೋಚ ಇರಲಿಲ್ಲ, ಇಂದೂ ಇಲ್ಲ. ಬೆಳಗ್ಗೆ ಬಸ್ಸಿಗೆ ಹೊರಟರೆ ದೊಡ್ಡಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. "ಏನೇ ಕಾಲೇಜಮ್ಮ, ಅಷ್ಟೊಂದು ಪೌಡರ್ ಬಳ್ಕೊಂಡಿದ್ಯಾ? ಆ ಕಡೆಯಿಂದ ಹೋಗೇ ತಾಯಿ, ನನ್ ಹುಳ ಉಪವಾಸ ಕೂತ್ಕೊಂತಾವೆ!" ನಾನು ಮುಖ ಊದಿಸಿಕೊಂಡರೆ, "ಓದ್ಕೊಂಡ್ ಬಾ ಹೋಗು, ನಿನ್ ಮೆಡ ಮೇಲೆ ತಲೆ ಆದ್ರೂ ಇದೆ. ನಮ್ದೇನು, ಸೊಪ್ಪಿನ ಹೊರೆ ಇಡಕ್ಕೆ ಇರೋದು," ಎಂದು ನಗುತ್ತಿದ್ದಳು. ಮೆಡ ಅಂದರೆ ತೆಲುಗಿನಲ್ಲಿ ಕತ್ತು. ಅವಳ ತವರು ರಾಯಲ್ಪಾಡು ಕಡೆ, ಮಾತಿನಲ್ಲಿ ಅರ್ಧ ತೆಲುಗು.

ಆ ಬೆಳೆಯಲ್ಲಿ ಹುಳ ಚೆನ್ನಾಗಿ ಬಂದಿದ್ದವು. ರೇಷ್ಮೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಕೊನೆಯ ಜ್ವರ ಮುಗಿದು ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯೇ ಇಲ್ಲ. ಎಷ್ಟು ಸೊಪ್ಪು ಹಾಕಿದರೂ ಸಾಲದು, ತಿನ್ನುವ ಸದ್ದು ಹೊರಗಿನ ಜಗಲಿಗೂ ಕೇಳುತ್ತದೆ. ಸರಿಯಾಗಿ ಹುಳ ಜ್ವರದಿಂದ ಎದ್ದ ದಿನವೇ ದೊಡ್ಡಮ್ಮನ ಕತ್ತು ಹಿಡಿದುಕೊಂಡಿತು. ಕೆಲವು ವಾರಗಳಿಂದಲೇ ಕತ್ತಿನ ಹಿಂದೆ ಸಣ್ಣ ನೋವು, ಸಂಜೆಯಾದರೆ ಮೈ ಬೆಚ್ಚಗೆ... ಹೊರೆ ಹೊತ್ತ ಆಯಾಸ ಎಂದುಕೊಂಡು ಸುಮ್ಮನಿದ್ದಳು.

"ನೋಡೇ, ಹುಳ ಎದ್ದ್ವು, ನಾನು ಜ್ವರಕ್ಕೆ ಕೂತೆ," ಎಂದು ಅವಳೇ ತಮಾಷೆ ಮಾಡಿದಳು. ತಲೆ ಎತ್ತಿಕೊಂಡು ನೆಟ್ಟಗೆ ಕೂತಿದ್ದಳು, ಥೇಟ್ ಹುಳದ ಹಾಗೇ. ನಾವೂ ನಕ್ಕೆವು. ಕತ್ತು ಹಿಡಿಯುವುದು ಯಾರಿಗೆ ಆಗುವುದಿಲ್ಲ?

ಅಮ್ಮ ಮೊದಲು ಅವಳ ದಿಂಬನ್ನು ಬಿಸಿಲಿಗೆ ಹಾಕಿದಳು. ರಾತ್ರಿ ತಲೆಯಿಟ್ಟ ದಿಂಬು ಕಾದರೆ ಕತ್ತು ಬಿಡುತ್ತದೆ ಎಂಬುದು ನಮ್ಮಲ್ಲಿ ಮೊದಲ ಮದ್ದು. ಸಂಜೆಯಾದರೂ ಬಿಡಲಿಲ್ಲ. ಕಲ್ಲುಪ್ಪು ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಶಾಖ ಇರುವಷ್ಟು ಹೊತ್ತು ದೊಡ್ಡಮ್ಮ "ಹಾಂ... ಅಲ್ಲೇ, ಅಲ್ಲೇ" ಅನ್ನುತ್ತಿದ್ದಳು, ಆರಿದ ಕೂಡಲೇ ಹಲ್ಲು ಕಚ್ಚುತ್ತಿದ್ದಳು. ಮಾರನೆಯ ದಿನ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿದ್ದಾಯಿತು. ಅದಕ್ಕೂ ಅವಳು ಹುಳದ ಮನೆಯಿಂದ ದೂರ, ನಮ್ಮ ಹಿತ್ತಲಿಗೆ ಬಂದು ಕೂತಳು. ನಾನು ಕೋಲಾರದಿಂದ ಬಾಮು ತಂದು ಕೊಟ್ಟರೆ ಸೀಸೆಯನ್ನು ಮುಟ್ಟಲೂ ಇಲ್ಲ. "ಅದನ್ನ ಹಚ್ಕೊಂಡು ಹುಳದ ಹತ್ರ ಹೆಂಗ್ ಹೋಗ್ಲೇ? ನನ್ ಕತ್ತು ಸರಿ ಹೋಗಿ ಅವು ಸಾಯ್ಲಾ?" ಅಂದಳು.

ಬೀದಿಯ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಒಬ್ಬಳು ಒನಕೆ ತಂದು ಕತ್ತಿನ ಮೇಲಿಂದ ಭುಜದವರೆಗೆ ಉರುಳಿಸಿದಳು. ದೊಡ್ಡಮ್ಮ ಕಿರುಚಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಯಾವತ್ತೂ ಕಿರುಚಿದವಳಲ್ಲ ಅವಳು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಅದಕ್ಕೊಂದು ಕಾರಣವಿತ್ತು. ನಾನು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಪಾದ ತಾಗಿದರೆ ಉಳುಕು, ಹಿಡಿತ ಬಿಡುತ್ತದೆ ಎಂದು ನಮ್ಮ ಊರುಗಳಲ್ಲಿ ನಂಬುತ್ತಾರೆ. ಚಿಕ್ಕಂದಿನಿಂದ ನನ್ನನ್ನು ಎಷ್ಟೋ ಮನೆಗೆ ಕರೆದುಕೊಂಡು ಹೋಗಿದ್ದರು, ಎಷ್ಟೋ ಸೊಂಟಗಳನ್ನು ನನ್ನ ಪಾದ ಮುಟ್ಟಿತ್ತು. ಕಾಲೇಜು ಸೇರಿದ ಮೇಲೆ ನಾನೇ ಬಿಟ್ಟಿದ್ದೆ. ವಿಜ್ಞಾನ ಓದುತ್ತಿರುವವಳು, ಇದೆಲ್ಲ ಏನು ಅನ್ನಿಸುತ್ತಿತ್ತು. ಅಲ್ಲದೆ, ಸೊಂಟವಾದರೆ ಸರಿ. ಹಿರಿಯಳ ಕತ್ತಿಗೆ ಕಾಲು ತಾಗಿಸುವುದು ಹೇಗೆ?

"ಹುಳ ಹಸ್ಕೊಂಡಿವೆ ಕಣೇ. ಹೊರೆ ಎತ್ತಕ್ಕಾಗ್ತಿಲ್ಲ. ನಿನ್ ಕಾಲು ಹಿಡ್ಕೊಂತೀನಿ, ಒಂದ್ಸಲ ತಾಗ್ಸು," ಅಂದಳು ದೊಡ್ಡಮ್ಮ. ತಮಾಷೆಯ ದನಿ ಹೋಗಿತ್ತು.

ನಂಬಿಕೆ ಇರಲಿ, ಇಲ್ಲದಿರಲಿ, ಅಷ್ಟು ನೋವಿನಲ್ಲಿ ಕೇಳಿದವಳಿಗೆ ಇಲ್ಲ ಎನ್ನಲಾಗಲಿಲ್ಲ. ಕಾಲು ತೊಳೆದುಕೊಂಡು ಬಂದೆ. ಅವಳು ಚಾಪೆಯ ಮೇಲೆ ಬೋರಲು ಮಲಗಿದಳು. ಒಂದು ಕೈಯಲ್ಲಿ ಗೋಡೆ ಹಿಡಿದು, ಉಸಿರು ಬಿಗಿಹಿಡಿದು, ಎಲೆಯ ಮೇಲೆ ಕಾಲಿಟ್ಟಷ್ಟು ಹಗುರವಾಗಿ ಅವಳ ಕತ್ತಿಗೆ ಪಾದ ತಾಗಿಸಿದೆ. ಚರ್ಮ ಸುಡುತ್ತಿತ್ತು. ಕೂಡಲೇ ಬಾಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ದೊಡ್ಡಮ್ಮ ಮೆಲ್ಲಗೆ ಎದ್ದು ಕೂತಳು. "ಬಿಡ್ತು ಕಣೇ," ಅಂದಳು. "ನೋಡು, ಬಿಟ್ಟೇ ಬಿಡ್ತು." ಹೆಂಗಸರೆಲ್ಲ ನನ್ನ ಬೆನ್ನು ತಟ್ಟಿದರು. ಅವಳು ಹೊರೆ ತರಲು ತೋಟಕ್ಕೆ ಹೋದಳು.

ನಿಜವಾಗಿ ಬಿಟ್ಟಿತ್ತೋ, ಹುಳಕ್ಕೆ ಸೊಪ್ಪು ಹಾಕುವ ಅವಸರಕ್ಕೆ ಹಾಗೆ ಹೇಳಿದಳೋ... ಇವತ್ತಿಗೂ ನನಗೆ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅವಳ ಅಂಗಳದಲ್ಲಿ ಸೊಪ್ಪು ಚೆಲ್ಲಿತ್ತು. ದೊಡ್ಡಮ್ಮ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದೇ ಕಡ್ಡಿ ಎತ್ತಲು ನೋಡುತ್ತಿದ್ದಳು. ಎತ್ತಿದ್ದು ಬೆರಳಿನಿಂದ ಜಾರುತ್ತಿತ್ತು. ಮತ್ತೆ ಎತ್ತುತ್ತಿದ್ದಳು, ಮತ್ತೆ ಜಾರುತ್ತಿತ್ತು.

"ಕೈ ಜೋಮು ಹಿಡ್ದದೆ. ಸೊಪ್ಪು ಕುಯ್ದೂ ಕುಯ್ದೂ ಹಿಂಗಾಗದೆ," ಅಂದಳು.

ನಾನು ಚೀಲವನ್ನು ಅಲ್ಲೇ ಇಟ್ಟು ಅವಳ ಬೆರಳು ಹಿಡಿದು ನೋಡಿದೆ. "ಇದು ಉಳುಕಲ್ಲ ದೊಡ್ಡಮ್ಮ. ನಡಿ, ಆಸ್ಪತ್ರೆಗೆ ಹೋಗಾಣ. ಈಗ್ಲೇ."

"ಇನ್ನೇನೇ, ಹಣ್ಣಾಗ್ತಾವೆ. ಹಣ್ಣಾದ್ ಮೇಲೆ ನೀನ್ ಎಲ್ಲಿಗ್ ಕರದ್ರೂ ಬರ್ತೀನಿ." ಹುಳ ಹಣ್ಣಾಗುವುದೆಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು.

"ಅಷ್ಟೊತ್ತಿಗೆ ನೀನು ಇರಬೇಕಲ್ಲ!" ಎಂದು ಕೂಗಿದೆ. ಅವಳ ಮೇಲೆ ಯಾವತ್ತೂ ದನಿ ಏರಿಸಿದವಳಲ್ಲ ನಾನು.

"ಕೂಗ್ಬೇಡ್ವೇ, ಹುಳ ಬೆದರ್ತಾವೆ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹಸು ಆದ್ರೆ ಹೊಟ್ಟೆ ಹಸ್ದಾಗ ಅಂಬಾ ಅಂತದೆ. ಇವು ಏನ್ ಅಂತಾವೆ? ಬಾಯಿಲ್ಲದ ಜೀವ. ಬಿಟ್ಟು ಹೆಂಗ್ ಬರ್ಲಿ ಹೇಳು. ಬೇರೆಯವ್ರ ಕೈ ಅವಕ್ಕೆ ಆಗಲ್ಲ."

ಅಮ್ಮ ಬಂದಳು. ಅವಳೂ ಬೇಡಿಕೊಂಡಳು, ಬೈದಳು. ದೊಡ್ಡಮ್ಮ ಜಗ್ಗಲಿಲ್ಲ. ಆ ದಿನ ಹಾಗೇ ಹೋಯಿತು. ಬೆಳಗ್ಗೆ ನೀರಿನ ಚೊಂಬು ಅವಳ ಕೈಯಿಂದ ಬಿದ್ದು ಉರುಳಿತು. ಎದ್ದು ನಿಂತರೆ ಕಾಲು ನೆಟ್ಟಗೆ ಊರುತ್ತಿರಲಿಲ್ಲ. ಆಗ ಅವಳ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ. ಅಮ್ಮ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಅವಳ ಎದುರು ಬಂದು ನಿಂತು, "ಹೂ ಮುಡ್ದಿಲ್ಲ, ಎಣ್ಣೆ ಹಚ್ಚಿಲ್ಲ, ಬಾಯಲ್ಲಿ ಎಲೆಅಡಿಕೆ ಇಲ್ಲ. ನಿನ್ ಹುಳ ಈಗ ನನ್ ಹುಳ. ಹೋಗಕ್ಕ ನೀನು," ಅಂದಳು. ದೊಡ್ಡಮ್ಮ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನನ್ನ ಹೆಗಲಿಗೆ ಒರಗಿ, ನಾನು ಕರೆತಂದಿದ್ದ ಆಟೋ ಹತ್ತಿದಳು.

ಆ ದಾರಿಯನ್ನು ಹೇಗೆ ಬರೆಯಲಿ... ರಸ್ತೆಯ ಗುಂಡಿ ಒಂದೊಂದೂ ಅವಳ ಕತ್ತಿನಲ್ಲೇ ಇತ್ತು. ತನ್ನ ತಲೆಯನ್ನು ತಾನೇ ಹಿಡಿದುಕೊಳ್ಳಲು ಅವಳ ಕೈಗಳಲ್ಲಿ ಬಲವಿರಲಿಲ್ಲ. ನಾನು ಪಕ್ಕಕ್ಕೆ ತಿರುಗಿ ಕೂತು, ಎರಡೂ ಅಂಗೈಯಲ್ಲಿ ಅವಳ ತಲೆಯನ್ನು ಹಿಡಿದುಕೊಂಡೆ. ತುಂಬಿದ ಮಡಕೆ ಹಿಡಿದಂತೆ, ಕೋಲಾರದವರೆಗೂ. ಆಟೋದವನು ಸಿಟ್ಟಾಗುವಷ್ಟು ಸಲ "ಮೆಲ್ಲಗಣ್ಣಾ, ಮೆಲ್ಲಗೆ" ಎಂದೆ. ಮೆಲ್ಲಗೆ ಹೋದರೆ ತಡವಾಗುತ್ತದಲ್ಲ ಎಂದು ಮತ್ತೆ "ಬೇಗ ಹೋಗಣ್ಣಾ" ಎಂದೆ. ಏನು ಹೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಓದಿದ್ದೆಲ್ಲ ಆ ಆಟೋದಲ್ಲಿ ನನ್ನ ಯಾವ ಉಪಯೋಗಕ್ಕೂ ಬರಲಿಲ್ಲ. ದೊಡ್ಡಮ್ಮನ ಬಾಯಲ್ಲಿ ಒಂದೇ ಮಾತು: "ನಿಮ್ಮಮ್ಮ ಸೊಪ್ಪು ಹಾಕಿರ್ತಾಳಾ?"

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕತ್ತಿಗೆ ಪಟ್ಟಿ ಹಾಕಿಸಿದರು. ಕತ್ತಿನ ಎಕ್ಸ್‌ರೇ ತೆಗೆಸಿ ನೋಡಿದವರು ನನ್ನನ್ನು ಹೊರಗೆ ಕರೆದರು. ಕತ್ತಿನ ಮೂಳೆಗೆ ಕ್ಷಯ ಹಿಡಿದಿತ್ತು. ಕ್ಷಯ ಎಂದರೆ ಕೆಮ್ಮು, ರಕ್ತ ಎಂದಷ್ಟೇ ತಿಳಿದಿದ್ದ ನನಗೆ ಅದು ಮೂಳೆಯನ್ನೂ ತಿನ್ನುತ್ತದೆ ಎಂದು ಗೊತ್ತಾದದ್ದು ಅಂದು. ಸವೆದ ಮೂಳೆ ಕುಸಿದು ನರವನ್ನು ಅದುಮುತ್ತಿತ್ತು. ನಾನು ಒನಕೆಯ ಮಾತು, ನನ್ನ ಪಾದದ ಮಾತು ಎಲ್ಲ ಹೇಳಿಬಿಟ್ಟೆ.

"ನಿನ್ ಕಾಲು ತಾಗಿದ್ದಕ್ಕೆ ಏನೂ ಆಗಿಲ್ಲಮ್ಮ," ಎಂದರು ಅವರು. "ಒನಕೆ ಉರುಳಿಸಬಾರದಿತ್ತು. ಕೈ ಜೋಮು ಹಿಡಿದ ಕೂಡ್ಲೇ ಬರ್ಬೇಕಿತ್ತು. ಈಗ ಬೆಂಗಳೂರಿಗೆ ಕಳಿಸ್ತೀನಿ. ನೋಡೋಣ." ಆ 'ನೋಡೋಣ'ದಲ್ಲಿ ಏನಿತ್ತೆಂದು ನನಗೆ ಅರ್ಥವಾಯಿತು.

ಮಗಳು ಕೂಸನ್ನು ಎತ್ತಿಕೊಂಡು ಮುಳಬಾಗಿಲಿನಿಂದ ಓಡಿ ಬಂದಳು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಕೈಕಾಲು ಬರಲಿಲ್ಲ.

ಇತ್ತ ಊರಿನಲ್ಲಿ ಹುಳ ಹಣ್ಣಾದವು. ಅಮ್ಮ, ನಾನು, ಒನಕೆ ಉರುಳಿಸಿದ ಆ ಹೆಂಗಸು ಸೇರಿ ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟೆವು. ಆ ಹೆಂಗಸು ಕೆಲಸದ ಉದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೇರೆಯವರ ಕೈ ಆಗುವುದಿಲ್ಲ ಎಂದಿದ್ದಳಲ್ಲ ದೊಡ್ಡಮ್ಮ, ಒಂದು ಹುಳವೂ ಕೆಡಲಿಲ್ಲ. ಗೂಡುಗಳು ಗಟ್ಟಿಯಾಗಿ, ಬೆಳ್ಳಗೆ ಬಂದವು. ಅಷ್ಟು ಒಳ್ಳೆಯ ಬೆಳೆ ಆ ಮನೆಯಲ್ಲಿ ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಒಂದು ಗೂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದೆ. ದೊಡ್ಡಮ್ಮ ಸೂರು ನೋಡುತ್ತ ಮಲಗಿದ್ದಳು. ಕತ್ತಿಗೆ ಕಟ್ಟು, ಅತ್ತಿತ್ತ ಹೊರಳುವಂತಿಲ್ಲ.

"ಹಣ್ಣಾದ್ವು ದೊಡ್ಡಮ್ಮ. ನೋಡು, ಗೂಡು ತಂದಿದೀನಿ," ಎಂದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

ಅವಳು ಸ್ವಲ್ಪ ಹೊತ್ತು ಕಾದಳು. "ಎಲ್ಲೇ? ಕೊಡೇ ಮತ್ತೆ," ಅಂದಳು.

ಗೂಡನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಆಗ ತಾನೇ ಕೊಡುತ್ತಿರುವವಳಂತೆ ಅವಳ ಕಣ್ಣ ಮುಂದೆ ಹಿಡಿದೆ. ಆಮೇಲೆ ಕೆನ್ನೆಗೆ ತಾಗಿಸಿದೆ. ಕಣ್ಣು ಮುಚ್ಚಿಕೊಂಡಳು. "ಗಟ್ಟಿ ಅದೆ," ಅಂದಳು. "ನಿಮ್ಮಮ್ಮ ಹೊಟ್ಟೆ ತುಂಬ ಹಾಕವಳೆ."

ಆಮೇಲೆ ಅವಳು ಊರಿಗೆ ಬರಲಿಲ್ಲ. ಮಗಳ ಮನೆಯಲ್ಲೇ ಮಲಗಿದ್ದಳು. ಮಗಳು ಚೆನ್ನಾಗಿ ನೋಡಿಕೊಂಡಳು, ಅದನ್ನು ಹೇಳಲೇಬೇಕು. ನನ್ನ ಡಿಗ್ರಿ ಮುಗಿದು, ಪಾಸಾದ ಸುದ್ದಿ ಹೇಳಲು ಹೋದಾಗ "ಕಾಲೇಜಮ್ಮ ಗೆದ್ದುಬಿಟ್ಲು" ಎಂದು ಕಣ್ಣಲ್ಲೇ ನಕ್ಕಳು. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಹೋದಳು. ಅಲ್ಲಿಯೇ, ಅಳಿಯನ ಹೊಲದ ಅಂಚಿನಲ್ಲಿ ಮಣ್ಣು ಮಾಡಿದರು.

ಈಗ ನಾನು ಶ್ರೀನಿವಾಸಪುರದಲ್ಲಿ ಪಾಠ ಹೇಳುತ್ತೇನೆ. ಮಕ್ಕಳಾಗಲಿ ದೊಡ್ಡವರಾಗಲಿ ಕತ್ತು ನೋವು ಎಂದರೆ, ಕೈ ಜೋಮು ಹಿಡಿಯುತ್ತದಾ, ಸಂಜೆ ಜ್ವರ ಬರುತ್ತದಾ ಎಂದು ಪೀಡಿಸುತ್ತೇನೆ. "ಏನ್ ಮೇಡಂ, ಹೆದರಿಸ್ತೀರ, ನಾಳೆ ಸರಿಹೋಗುತ್ತೆ" ಎಂದು ನಗುತ್ತಾರೆ. ಹೌದು, ಮುಕ್ಕಾಲು ಪಾಲು ಹಾಗೆಯೇ ಸರಿಹೋಗುತ್ತದೆ. ನನ್ನ ಕತ್ತೇ ಎಷ್ಟೋ ಸಲ ಉಪ್ಪಿನ ಶಾಖಕ್ಕೆ ಬಿಟ್ಟಿದೆ.

ಪರೀಕ್ಷೆ ಕೆಲಸಕ್ಕೆಂದು ಆಗಾಗ ಮುಳಬಾಗಿಲಿಗೆ ಬಸ್ಸಿನಲ್ಲಿ ಹೋಗುತ್ತಿರುತ್ತೇನೆ. ದಾರಿಯಲ್ಲೇ ಆ ಹೊಲ ಸಿಗುತ್ತದೆ. ಸುತ್ತ ಟೊಮ್ಯಾಟೊ ಗಿಡಕ್ಕೆ ಕೋಲು ನೆಟ್ಟಿರುತ್ತಾರೆ, ಒಂದು ಹೊಂಗೆ ಮರ, ಅದರ ಬುಡದಲ್ಲಿ ಅವಳು. ಅಲ್ಲಿ ನಿಲ್ದಾಣವಿಲ್ಲ, ಬಸ್ಸು ನಿಲ್ಲುವುದಿಲ್ಲ. ಕಿಟಕಿಯ ಪಕ್ಕ ಕೂತು ಕಾಯುತ್ತೇನೆ. ಮರ ಬಂದ ಕೂಡಲೇ ನೋಡುತ್ತೇನೆ. ಹಿಂದಾದ ಮೇಲೂ, ಕತ್ತು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ ನೋಡುತ್ತಲೇ ಇರುತ್ತೇನೆ.