ಹಸಿದಿರಲು ಬಿಡದ ಕೈ

ಲ್ಯಾಬಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ‘ಊಟಾಯ್ತಾ ಅಕ್ಕ’. ಎದುರಿಗೆ ಬಂದವರನ್ನು ಅವಳು ಮೊದಲು ಕೇಳುವುದೇ ಅದು. ಇಲ್ಲ ಎಂದು ಬಾಯಿಬಿಟ್ಟವರು ಅವಳ ಡಬ್ಬಿಯಿಂದ ತಪ್ಪಿಸಿಕೊಂಡದ್ದಿಲ್ಲ. ಮದುವೆ, ಮಗ ಎಲ್ಲ ಆದಮೇಲೆ ಡಾಕ್ಟರೇಟಿಗೆ ಸೇರಿದವಳು. ಮಗ ಈಗ ಅವಳಿಗಿಂತ ಎತ್ತರ. ಡಾಕ್ಟರೇಟು ಮಾತ್ರ ಇನ್ನೂ ಅಂಬೆಗಾಲಿಡುತ್ತಿದೆ.

ಕಾರಣ, ಒಂದು ಹಾಳು ಕಪ್ಪು ಗೆರೆ.

ಹಾರ್ಮೋನಿನ ಮಾತು ಕೇಳಿಸಿಕೊಳ್ಳಲು ಜೀವಕೋಶದಲ್ಲಿ ರಿಸೆಪ್ಟರ್ ಎಂಬ ಪ್ರೋಟೀನು ಇರುತ್ತದೆ; ಕಿವಿ ಎಂದುಕೊಳ್ಳಿ. ಹಾರ್ಮೋನು ಬಂದು ಹೇಳುವುದನ್ನು ಹೇಳಿದ ಮೇಲೆ ಕೋಶ ಆ ಕಿವಿಗೊಂದು ಚೀಟಿ ಅಂಟಿಸಿ, ತನ್ನೊಳಗಿನ ಗಿರಣಿಗೆ ಕಳಿಸಿ ಪುಡಿ ಮಾಡಿಸಿಬಿಡುತ್ತದೆ. ಒಂದೇ ಸಮನೆ ತಲೆ ತಿನ್ನುವವರ ಮುಂದೆ ಕಿವಿ ಇಟ್ಟುಕೊಂಡು ಕೂರಲು ಅದಕ್ಕೇನು ಹುಚ್ಚೇ? ಹಾರ್ಮೋನಿನ ಕಾಟ ತಪ್ಪಿದರೆ ಕಿವಿಗಳು ಮತ್ತೆ ತುಂಬಿಕೊಳ್ಳುತ್ತವೆ. ಕೋಶಗಳನ್ನು ಅರೆದು ಪರೀಕ್ಷಿಸಿದರೆ, ಕಿವಿ ಹೆಚ್ಚಿದ್ದಷ್ಟೂ ಫಿಲ್ಮಿನ ಮೇಲೆ ಕಪ್ಪು ಗೆರೆ ದಪ್ಪ. ಅಕ್ಕ ತೋರಿಸಬೇಕಾದದ್ದು ಇಷ್ಟೇ: ಹಾರ್ಮೋನು ಹಾಕದ ತಟ್ಟೆಯ ಕೋಶಗಳಿಂದ ಫಿಲ್ಮಿನ ಮೇಲೆ ದಪ್ಪ ಗೆರೆ, ಹಾಕಿದ ತಟ್ಟೆಯವುಗಳಿಂದ ತೆಳು ಗೆರೆ. ಬರುತ್ತಿದ್ದದ್ದು ಎರಡೂ ತೆಳು.

ಅವಳು ಔಷಧ ಬದಲಿಸಿದಳು, ನೀರು ಬದಲಿಸಿದಳು, ಫ್ರಿಜ್ಜಿಗೆ ಶಾಪ ಹಾಕಿದಳು. ಗೆರೆ ಕೂದಲೆಳೆಯಷ್ಟು ದಪ್ಪ ಕಂಡರೂ ಸಾಕು, ಡಾಕ್ಟರೇಟಿನ ಗೈಡ್ ಸಾರ್ ಕೋಣೆಗೆ ಓಡುವಳು. “ಸಾರ್, ಈ ಸಲ ಬಂತು ಸಾರ್!” ಮೊದಮೊದಲು ಅವರು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಆಮೇಲೆ ತಲೆ ಎತ್ತುವುದನ್ನೂ ಬಿಟ್ಟರು. ಕೊನೆಗೊಂದು ದಿನ ಹೇಳಿಯೇಬಿಟ್ಟರು: “ಈ ತಿಂಗಳು ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ.”

ಬೇಜಾರಂತೆ! ಇಷ್ಟು ವರ್ಷದ ಬೆವರನ್ನು ಇನ್ನೊಬ್ಬರ ಕೈಗೆ ಇಟ್ಟು ನಗಬೇಕೇನು? ಅಕ್ಕ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ.

ಆ ಸಿಟ್ಟಿನಲ್ಲೇ ಮನೆಯಲ್ಲಿ ಬಡಿಸುತ್ತಿದ್ದಳು. ಗಂಡ ತಟ್ಟೆಗೆ ಕೈ ಅಡ್ಡ ಹಿಡಿದ. “ಸಾಕು ಅಂದ್ನಲ್ಲೇ! ಮನುಷ್ಯಂಗೆ ಹಸಿವಾಗೋದಕ್ಕಾದ್ರೂ ಬಿಡು.”

ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು.

ತಟ್ಟೆಯ ಕೋಶಗಳಿಗೆ ಊಟವೆಂದರೆ ಸೀರಮ್ಮು, ರಕ್ತದಿಂದ ತೆಗೆದ ತಿಳಿ; ಪ್ರಯೋಗಕ್ಕೆ ಮುಂಚೆ ಮಾತ್ರ ಅವನ್ನು ಹಾರ್ಮೋನು ತೆಗೆದ ಸೀರಮ್ಮಿನಲ್ಲಿ ಇಡಬೇಕು. ಬಡಕಲು ಆಹಾರ ಅದು, ಕೋಶಗಳು ಸೊರಗುತ್ತವೆ. ಅದನ್ನು ನೋಡಲಾರದೆ ಅಕ್ಕ ಪ್ರತಿ ಸಲವೂ ಮನೆಗೆ ಹೊರಡುವ ಮುನ್ನ “ಅಯ್ಯೋ ಪಾಪ” ಎಂದು ಮಾಮೂಲಿ ಸೀರಮ್ಮನ್ನು ಒಂದಿಷ್ಟು ಬಿಟ್ಟು ಬರುತ್ತಿದ್ದಳು. ಮಾಮೂಲಿ ಸೀರಮ್ಮಿನಲ್ಲಿ ಹಾರ್ಮೋನು ಇದ್ದೇ ಇರುತ್ತದೆ! ಪ್ರಯೋಗ ಶುರುವಾಗುವ ಮೊದಲೇ ಎರಡೂ ತಟ್ಟೆಯ ಕಿವಿಗಳು ಗಿರಣಿ ಸೇರಿರುತ್ತಿದ್ದವು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಈ ಸಲ ಕೈಯನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡು ಹಲ್ಲು ಕಚ್ಚಿ ನಿಂತಳು. ಕೋಶಗಳು ಹಸಿದುಕೊಂಡೇ ಇದ್ದವು. ಫಿಲ್ಮು ತೊಳೆದಾಗ ಕಾಡಿಗೆ ತೀಡಿದಂಥ ದಪ್ಪ ಗೆರೆ, ಪಕ್ಕದಲ್ಲಿ ಇದೆಯೋ ಇಲ್ಲವೋ ಎನ್ನುವಂಥದು ಇನ್ನೊಂದು.

ಓಡಿದಳು. “ಸಾರ್, ಈ ಸಲ ನಿಜವಾಗ್ಲೂ...”

“ಅಲ್ಲಿಡಮ್ಮ.” ತಲೆ ಎತ್ತಲಿಲ್ಲ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕೂಗಿಬಿಡೋಣ ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಇವರ ಕಿವಿಯನ್ನು ಗಿರಣಿಗೆ ಅಟ್ಟಿದವಳು ತಾನೇ ಅಲ್ಲವೇ? ಫಿಲ್ಮನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಆಮೇಲೆ ಒಂದು ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೂ ಊಟ ಆಯಿತೇ ಎಂದು ಸಹ ಕೇಳಲಿಲ್ಲ. ತಿಂಗಳು ಮುಗಿಯುತ್ತ ಬಂತು. ಆದರೂ ತುಟಿ ಬಿಚ್ಚಲಿಲ್ಲ.

ತಿಂಗಳ ಕೊನೆಯಲ್ಲಿ ಗೈಡು ತಾವಾಗಿಯೇ ಬಂದರು. ಕೈಯಲ್ಲಿ ಫಿಲ್ಮು, ಮೂಗಿನ ಮೇಲೆ ಕನ್ನಡಕ.

“ಏನಮ್ಮ ಇದು! ಈ ಕೆಲಸ ಬೇರೆಯವರಿಗೆ ಕೊಡೋಣ ಅಂತ ಮೇಜಿನ ಮೇಲಿನ ಕಾಗದ ತೆಗೀತಿದ್ದೆ, ಇದು ಸಿಕ್ತು. ಇಷ್ಟು ಚೆನ್ನಾಗಿ ಬಂದಿದೆ, ಒಂದು ಮಾತು ಹೇಳ್ಬಾರ್ದಾ?”

ಲ್ಯಾಬಿಗೆ ಲ್ಯಾಬೇ ಅವಳ ಮುಖ ನೋಡಿತು. ವರ್ಷಗಟ್ಟಲೆ ನುಂಗಿಕೊಂಡಿದ್ದ ಉತ್ತರಗಳೆಲ್ಲ ನಾಲಿಗೆಯ ತುದಿಗೆ ಬಂದು ಒಂದರ ಮೇಲೊಂದು ಬಿದ್ದವು. ಅಕ್ಕ ಉಸಿರೆಳೆದುಕೊಂಡಳು.

“ಊಟಾಯ್ತಾ ಸಾರ್?” ಎಂದಳು.