ಸಾಹುಕಾರರು ಹೇಳದೇ ಇದ್ದ ಮಾತು

ದಾವಲ್, ನಮ್ಮ ಸಿನಿಮಾದ ಕೊನೆಯನ್ನು ಬದಲಿಸಿದವರು ಸಾಹುಕಾರರಲ್ಲ, ನಾನು. ಬದಲಿಸಲು ಅವರು ಹೇಳಲೂ ಇಲ್ಲ — ಅವರ ಹೆಸರಿನಲ್ಲಿ ನಾನೇ ಸುಳ್ಳು ಹೇಳಿದೆ. ಇದನ್ನು ಮೊದಲು ನಿನಗೆ ಕಳಿಸಿ, ಆಮೇಲೆ ನಮ್ಮ ಸೂಪರ್‌ಹೀರೋ ಅಭಿಮಾನಿಗಳ ಗುಂಪಿಗೂ ಹಾಕುತ್ತೇನೆ. ಅಲ್ಲಿಯೇ ತಾನೆ ನಾನು ದೊಡ್ಡ ನ್ಯಾಯಾಧೀಶನಾಗಿ ಕುಳಿತಿರುವುದು.

ನಿನಗೆ ಗೊತ್ತಿರುವುದನ್ನೂ ಗುಂಪಿನವರಿಗಾಗಿ ಬರೆಯುತ್ತೇನೆ. ಬೆಟಗೇರಿಯಲ್ಲಿ ಮದುವೆ ವಿಡಿಯೋ ಮಾಡುತ್ತಲೇ ನಾವಿಬ್ಬರೂ ನಮ್ಮದೇ ಒಂದು ಸಣ್ಣ ಸೂಪರ್‌ಹೀರೋ ಸಿನಿಮಾ ತೆಗೆದೆವು. ನಿರ್ದೇಶನ ನಿನ್ನದು, ಸಂಕಲನ ನನ್ನದು, ಖರ್ಚು ಲಕ್ಷ್ಮೇಶ್ವರದ ಕಾಳಿನ ಸಾಹುಕಾರರದು. ನಾಯಕ ಅಲ್ಲಿನ ಪೇಟೆಯ ಹಮಾಲ, ಒಬ್ಬನೇ ಲಾರಿ ತಡೆಯುವಷ್ಟು ಶಕ್ತಿ ಬಂದವನು. ಕೊನೆಯಲ್ಲಿ ಆ ಶಕ್ತಿ ಹೋಗಿಬಿಡುತ್ತದೆ. ಜೋಳದ ಚೀಲಗಳ ಅಡಿ ಸಿಕ್ಕಿಕೊಂಡವನನ್ನು ಹಮಾಲರೆಲ್ಲ ಸೇರಿ ಬಿಡಿಸುತ್ತಾರೆ. ನಿನ್ನ ಅಪ್ಪ ಹಮಾಲರು. ತುಂಬಿದ ಚೀಲವನ್ನು ಯಾರೂ ತಾವೇ ಬೆನ್ನಿಗೆ ಹಾಕಿಕೊಳ್ಳುವುದಿಲ್ಲ, ಇಬ್ಬರು ಎತ್ತಿ ಹೊರಿಸಬೇಕು — ಅದನ್ನು ನೋಡುತ್ತ ಬೆಳೆದವನ ಕಥೆ ಅದು.

ನನಗೆ ಅದು ಸಪ್ಪೆ ಎನಿಸಿತು. ಸಿಳ್ಳೆ ಬೀಳಬೇಕಿತ್ತು, ಅದೂ ನನ್ನ ದೃಶ್ಯಕ್ಕೆ. ನೀನು ಅಕ್ಕನ ಹೆರಿಗೆಗೆಂದು ಶಿರಹಟ್ಟಿಗೆ ಹೋದಾಗ ನಾನು ಚೀಲಗಳಿಗೆ ಹೊಟ್ಟು ತುಂಬಿಸಿದೆ, ನಾಯಕನೊಬ್ಬನೇ ಅವನ್ನೆಲ್ಲ ಎತ್ತಿ ಎಸೆಯುವಂತೆ ತೆಗೆದೆ. ನೀನು ಬಂದು ನೋಡಿ ದಂಗಾದೆ.

"ಲೇ ಬಸು, ಇದನ್ನ ಯಾರು ಮಾಡಾಕ ಹೇಳಿದ್ರು?"

"ಸಾವ್ಕಾರ್ರು. ಹಿಂಗ ಮಾಡ್ಲಿಲ್ಲಂದ್ರ ಸಿನಿಮಾನ ಬ್ಯಾಡ ಅಂದ್ರು. ನೀ ತಗದಿದ್ದನ್ನ ಅಳಿಸೇ ಬಿಟ್ಟಾರ."

ಎಷ್ಟು ಸಲೀಸಾಗಿ ಬಂತು ಆ ಮಾತು. ಯೋಚಿಸಿಕೊಂಡೇ ಬಂದಿದ್ದೆ, ಖರೆ.

ಸಾಹುಕಾರರ ಗೋದಾಮಿನ ಗೋಡೆಯ ಮೇಲೆ ಸಿನಿಮಾ ತೋರಿಸಿದ ಸಂಜೆ ಪೇಟೆಯ ಹಮಾಲರೆಲ್ಲ ಬಂದಿದ್ದರು. ನಾಯಕ ಎತ್ತಿದಾಗ ಚೀಲ ಮಡಚಿಕೊಂಡ ರೀತಿ ನೋಡಿಯೇ ಒಳಗಿರುವುದು ಹೊಟ್ಟು ಎಂದು ತಿಳಿದು ಬಿದ್ದುಬಿದ್ದು ನಕ್ಕರು. ನಿರ್ದೇಶಕನೆಂದು ಇದ್ದದ್ದು ನಿನ್ನ ಹೆಸರು — ಅದನ್ನು ಮಾತ್ರ ನಾನು ಬದಲಿಸಿರಲಿಲ್ಲ. ನಿನ್ನ ಅಪ್ಪ ಎದ್ದು ಬಂದು ನಿನ್ನ ಮುಂದೆ ನಿಂತರು.

"ನನ್ನ ಬೆನ್ನ ನೋಡ್ಕೋತ ಬೆಳದಿ. ಇದನ್ನ ಹೆಂಗ ತಗದಿಯೋ?"

ನೀನು ಸಾಹುಕಾರರತ್ತ ನೋಡಿದೆ, ತಲೆ ತಗ್ಗಿಸಿದೆ. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ.

ಆಮೇಲೆ ನೀನು ಕ್ಯಾಮೆರಾ ಹಿಡಿದದ್ದು ಮದುವೆಗಳಿಗೆ ಮಾತ್ರ. ಸಾಹುಕಾರರ ಅಂಗಡಿಯ ಮುಂದೆ ಹಾದರೂ ನೀನು ಸಲಾಂ ಎನ್ನುವುದನ್ನು ಬಿಟ್ಟೆ. ಮತ್ತೆ ನಾನು — ಎಲ್ಲೋ ವಿದೇಶದ ಸ್ಟುಡಿಯೋ ಒಂದು ನಿರ್ದೇಶಕನನ್ನು ಬದಲಿಸಿದರೆ ಇಲ್ಲಿ ಗಿರ್ಮಿಟ್ ತಿನ್ನುತ್ತ ಕುದಿದೆ. ಕಲಾವಿದನ ಕೈ ಕಟ್ಟಿದರು, ಅವನ ಹೆಸರಿಟ್ಟು ತಮ್ಮ ಸಿನಿಮಾ ಮಾರಿದರು ಎಂದೆಲ್ಲ ಗುಂಪಿನಲ್ಲಿ ಬರೆದೆ. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. "ನಮ್ಮ ಬಸುಗ ಆ ಸಂಕಟ ಗೊತ್ತೈತಿ, ನಂದು ಕಣ್ಣಾರೆ ನೋಡ್ಯಾನ" ಎಂದು ಒಮ್ಮೆ ನೀನು ಅದರ ಕೆಳಗೆ ಬರೆದೆ. ಆದರೂ ಮರುದಿನ ಮತ್ತೊಂದು ಸ್ಟುಡಿಯೋವನ್ನು ಬೈದೆ.

ನಾಚಿಕೆಯಾಗುತ್ತದೆ, ದಾವಲ್. ಆದರೆ ನಾಚಿಕೆಪಟ್ಟು ಸುಮ್ಮನೆ ಕೂತದ್ದು ಸಾಕು. ನಾಳೆ ಪೇಟೆಗೆ ಬರುತ್ತೇನೆ. ಸಾಹುಕಾರರಿಗೆ, ನಿನ್ನ ಅಪ್ಪನಿಗೆ, ಹಮಾಲರೆಲ್ಲರ ಎದುರಿಗೇ ಇದನ್ನು ಹೇಳುತ್ತೇನೆ. ಅವರು ಏನಂದರೂ ಅನ್ನಲಿ.

ಇನ್ನೊಂದು. ನೀನು ತೆಗೆದ ಕೊನೆ ಅಳಿಸಿಲ್ಲ, ನನ್ನ ಹತ್ತಿರವೇ ಇದೆ. ಇಂದು ಹಾಕಿ ನೋಡಿದೆ. ಖರೆ ಜೋಳ ತುಂಬಿದ ಚೀಲ ಎತ್ತುವಾಗ ಒಂದಾಳು ಕಡಿಮೆ ಬಿದ್ದಿತ್ತಲ್ಲ — ಕ್ಯಾಮೆರಾದ ಹಿಂದಿನಿಂದ ನೀನು ಕೂಗುತ್ತೀ: "ಬಸು, ನೀನೂ ಬಾರಲೇ, ಕೈ ಹಚ್ಚು." ನಾನು ಓಡಿಬಂದು ಕೈ ಹಚ್ಚುತ್ತೇನೆ. ನಾಳೆ ಅದನ್ನು ತಂದು ನಿನ್ನ ಕೈಗೆ ಕೊಡುತ್ತೇನೆ. ತೋರಿಸುವುದು ಬಿಡುವುದು ನಿನ್ನ ಇಷ್ಟ. ಏನನ್ನೂ ಕತ್ತರಿಸಿಲ್ಲ. ನಿನ್ನ ಆ ಕೂಗೂ ಹಾಗೆಯೇ ಇದೆ.